ಹೊಸ ಕಂಪ್ಯೂಟರಿಗೆ ಹಳೆಯ ಮದುವೆ

ನಾವು ಬಂದು ನೆಲೆಸಿದ ಪರದೇಶದ ಊರಿನಲ್ಲಿ, ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಒಂದು ಬ್ಯಾಂಕಿನಲ್ಲಿ ನೂರಾರು ಕಂಪ್ಯೂಟರುಗಳು ನನ್ನ ಮಾತು ಕೇಳುತ್ತವೆ. ಸೌತ್ ಸಿ ಬಡಾವಣೆಯ ನಮ್ಮ ಮನೆಯಲ್ಲಿರುವುದು ಒಂದೇ. ಅದು ನನ್ನ ಹೆಂಡತಿಯ ಮಾತು ಕೇಳುತ್ತದೆ. ಮನೆಗೆ ಹೊಸ ಯಂತ್ರ ಬಂದಾಗಲೆಲ್ಲ ನಮ್ಮಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಮಿಕ್ಸಿ ಬಂದಾಗ ಆದದ್ದನ್ನು ಹೇಳುವುದಿಲ್ಲ, ತಪ್ಪು ನನ್ನದಿತ್ತು. ಕಂಪ್ಯೂಟರಿನದನ್ನು ಹೇಳುತ್ತೇನೆ. ಅದರಲ್ಲೂ ತಪ್ಪು ನನ್ನದೇ, ಆದರೆ ಈಗ ಎಲ್ಲರಿಗೂ ಗೊತ್ತಾಗಿದೆ.

ಆ ಶನಿವಾರ ಹೊಸ ಕಂಪ್ಯೂಟರ್ ಜೋಡಿಸಿ, ಹಳೆಯದರಲ್ಲಿದ್ದ ಫೋಟೊ, ಹಾಡು, ವಿಡಿಯೊಗಳನ್ನೆಲ್ಲ ಅದಕ್ಕೆ ಹಾಕಬೇಕಿತ್ತು. ಮರುದಿನ ನಮ್ಮ ಮದುವೆಯಾಗಿ ಹತ್ತು ವರ್ಷ. ನಾಲ್ಕು ಕನ್ನಡದ ಮನೆಯವರನ್ನು ಊಟಕ್ಕೆ ಕರೆದು, ಮದುವೆಯ ವಿಡಿಯೊ ತೋರಿಸುತ್ತೇನೆಂದು ಹೆಂಡತಿ ಹೇಳಿಬಿಟ್ಟಿದ್ದಳು.

ಎರಡು ರಾಹುಕಾಲ

ಬೆಳಿಗ್ಗೆ ಏಳಕ್ಕೇ ಡಬ್ಬಿ ಬಿಚ್ಚಲು ಹೋದೆ.

"ಮುಟ್ಟಬೇಡ್ರೀ, ರಾಹುಕಾಲ."

"ಶನಿವಾರ ರಾಹುಕಾಲ ಒಂಬತ್ತರಿಂದ ಹತ್ತೂವರೆ ಅಲ್ವಾ?"

"ಕ್ಯಾಲೆಂಡರ್ ಬೆಂಗಳೂರಿನದು. ಅಲ್ಲಿ ಈಗ ಒಂಬತ್ತೂವರೆ."

"ಹಾಗಾದರೆ ಎಂಟಕ್ಕೆ ಮುಗಿಯುತ್ತೆ."

"ಆ ಊರಿನದು ಮುಗಿಯುತ್ತೆ. ಈ ಊರಿನದು ಒಂಬತ್ತಕ್ಕೆ ಶುರು. ನಡುವೆ ಒಂದು ಗಂಟೆ ಇದೆಯಲ್ಲ, ಆಗ ಮಾಡಿ."

ಎಂಟು ಗಂಟೆ ಐದು ನಿಮಿಷಕ್ಕೆ ಕರೆಂಟು ಹೋಯಿತು. ಒಂಬತ್ತಕ್ಕೆ ಸರಿಯಾಗಿ ಬಂತು. ಒಬ್ಬನೇ ರಾಹು ಎರಡು ದೇಶಗಳಲ್ಲಿ ಡ್ಯೂಟಿ ಮಾಡುತ್ತಿದ್ದ. ನಮ್ಮ ಬ್ಯಾಂಕಿನಲ್ಲಿ ಇಷ್ಟು ಕೆಲಸಕ್ಕೆ ಮೂವರಿದ್ದಾರೆ.

ಹಣೆಗೆ ಕುಂಕುಮ

ಹತ್ತೂವರೆಗೆ ಪೂಜೆಯಾಯಿತು. ಪರದೆಯ ಮೇಲಂಚಿನ ನಟ್ಟನಡುವೆ ಒಂದು ಪುಟ್ಟ ಗುಂಡನೆಯ ಜಾಗ. ನೋಡಿದರೆ ಯಾರಿಗಾದರೂ ಹಣೆ ಎನ್ನಿಸಬೇಕು. ಹೆಂಡತಿ ಅಲ್ಲಿಗೆ ಒದ್ದೆ ಕುಂಕುಮ ಇಟ್ಟಳು. ಅದು ಕ್ಯಾಮೆರಾ.

ಮೊದಲ ವಿಡಿಯೊ ಕರೆ ಮೈಸೂರಿನ ಅತ್ತೆಯವರಿಗೆ. "ಏನಮ್ಮಾ ಇದು, ಬರೀ ಕೆಂಪಗೆ ಕಾಣ್ತಿದೆ!"

"ಕುಂಕುಮ ಮೆತ್ತಿಕೊಂಡಿದೆ ಅತ್ತೆ, ಒರೆಸ್ತೀನಿ," ಎಂದೆ.

ಎರಡು ಖಂಡಗಳಿಂದ ಒಟ್ಟಿಗೇ ಕೂಗು ಬಂತು: "ಅಯ್ಯಯ್ಯೋ, ಕುಂಕುಮ ಅಳಿಸ್ತಾರೇನ್ರೀ!"

ಅತ್ತೆಯವರು ನಲವತ್ತು ನಿಮಿಷ ಕೆಂಪು ಪರದೆಯ ಜೊತೆಗೇ ಮಾತಾಡಿದರು. ಅಳಿಯನ ಎದುರು ಅವರು ಅಷ್ಟು ಸಂತೋಷವಾಗಿ ಮಾತಾಡಿದ್ದು ಹತ್ತು ವರ್ಷಗಳಲ್ಲಿ ಅದೇ ಮೊದಲು.

ಖಾಲಿ ಫೋಲ್ಡರ್

ಹಳೆಯ ಕಂಪ್ಯೂಟರಿನಲ್ಲಿ 'ಮದುವೆ' ಎಂಬ ಫೋಲ್ಡರ್ ತೆರೆದವಳು ಎಂಟು ವರ್ಷದ ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಪ್ಪಾ, ಯುವರ್ ವೆಡ್ಡಿಂಗ್ ಈಸ್ ಎಂಪ್ಟಿ."

ಆಗ ನೆನಪಾಯಿತು. ಹಿಂದಿನ ವರ್ಷ ಕ್ರಿಕೆಟ್ ಪಂದ್ಯಗಳಿಗೆ ಜಾಗ ಸಾಲದೆ, ಮದುವೆಯನ್ನು ಎತ್ತಿ ಊರು ಸುತ್ತುವ ಹಾರ್ಡ್ ಡಿಸ್ಕಿಗೆ ಹಾಕಿದ್ದೆ. ಇಲ್ಲಿನ ಕನ್ನಡದವರ ನಡುವೆ ಅಂಥದೊಂದಿದೆ. ರಜೆಗೆ ಊರಿಗೆ ಹೋದವರು ಅದರಲ್ಲಿ ಸೀರಿಯಲ್ ತುಂಬಿಸಿ ತರುತ್ತಾರೆ, ಅದು ಮನೆಯಿಂದ ಮನೆಗೆ ಹೋಗುತ್ತದೆ, ಎಲ್ಲರೂ ನೋಡಿದ ಮೇಲೆ ಅಳಿಸಿ ಹೊಸದು ತುಂಬಿಸುತ್ತಾರೆ. ಆ ವಾರ ಅದು ನಮ್ಮ ಮನೆಯಲ್ಲೇ ಇತ್ತು. ತೆಗೆದು ನೋಡಿದರೆ ಮದುವೆಯ ಜಾಗದಲ್ಲಿ ಇನ್ನೂರು ಕಂತಿನ ಅತ್ತೆ ಸೊಸೆ ಜಗಳವಿತ್ತು.

ಮಗಳಿಗೆ ಐಸ್‌ಕ್ರೀಮ್ ಕೊಡಿಸಿ ಬಾಯಿ ಮುಚ್ಚಿಸಿದೆ.

"ಕಾಪಿ ಆಯ್ತೇನ್ರೀ?" ಅಡುಗೆಮನೆಯಿಂದ ಪ್ರಶ್ನೆ.

"ಹದಿನಾಲ್ಕು ನಿಮಿಷ."

ಅರ್ಧ ಗಂಟೆ ಬಿಟ್ಟು, "ಈಗ?"

"ಎರಡು ಗಂಟೆ."

ಅವಳಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಕಂಪ್ಯೂಟರುಗಳು ಹೀಗೇ ಹೇಳುವುದೆಂದು ಅವಳಿಗೆ ಗೊತ್ತು. ಗಂಡಸರ ಸುಳ್ಳಿಗೆ ಇಷ್ಟು ಒತ್ತಾಸೆ ಕೊಟ್ಟ ಯಂತ್ರ ಇನ್ನೊಂದಿಲ್ಲ.

ಕೊನೆಯ ಕಂತು

ಭಾನುವಾರ ಹೋಳಿಗೆ ಊಟ ಮುಗಿಸಿ ಎಲ್ಲರೂ ಕಂಪ್ಯೂಟರಿನ ಎದುರು ಕುಳಿತರು. ನಾನು ಎದ್ದು ನಿಂತು, "ಹೊಸ ಕಂಪ್ಯೂಟರಿಗೆ ಯಾಕೋ ಹಳೆಯ ವಿಡಿಯೊ ಹಿಡಿಸುತ್ತಿಲ್ಲ," ಎಂದೆ.

"ಇಟ್ಸ್ ಎಂಪ್ಟಿ. ಐ ಟೋಲ್ಡ್ ಹಿಮ್ ಯೆಸ್ಟರ್‌ಡೇ," ಎಂದಳು ಮಗಳು. ಐಸ್‌ಕ್ರೀಮ್ ಒಂದು ದಿನಕ್ಕಷ್ಟೇ ಬಾಳಿಕೆ ಬಂದಿತ್ತು.

"ಆ ಜಾಗದಲ್ಲಿ ಏನಿದೆ?" ಹೆಂಡತಿ ಬಹಳ ಮೆತ್ತಗೆ ಕೇಳಿದಳು.

"ಕ್ರಿಕೆಟ್."

ಆಗ, ಊಟಕ್ಕೆ ಬಂದಿದ್ದ ಲ್ಯಾವಿಂಗ್ಟನ್ ಬಡಾವಣೆಯ ಡಾಕ್ಟರ ತಾಯಿ, ನಮ್ಮ ಮನೆಗೆ ಅಂದೇ ಮೊದಲ ಸಲ ಬಂದಿದ್ದ ಅಜ್ಜಿ, ಊಟದ ಹೊತ್ತಿನಿಂದ ತಡೆದುಕೊಂಡಿದ್ದ ಪ್ರಶ್ನೆಯನ್ನು ಹೆಂಡತಿಗೆ ಕೇಳಿಯೇಬಿಟ್ಟರು.

"ಏನಮ್ಮಾ, ನೀನು ಸೀರಿಯಲ್‌ನಲ್ಲಿ ಮಾಡಿದೀಯಲ್ವಾ?"

"ನಾನಾ?"

"ಹಾರ್ಡ್ ಡಿಸ್ಕಲ್ಲಿ ಬಂದಿತ್ತಲ್ಲ, ಆ ಮದುವೆ ಕಂತು! ಮೂರು ಸಲ ನೋಡಿದೀನಿ. ಅಳಿಸಬೇಡ ಅಂತ ಹೇಳಿ ಮಗನ ಕಂಪ್ಯೂಟರಲ್ಲಿ ಇಡಿಸಿಕೊಂಡಿದೀನಿ. ಧಾರೆ ಹೊತ್ತಲ್ಲಿ ತಾಯಿ ಪಾತ್ರದವರು ಏನು ಚೆನ್ನಾಗಿ ಅತ್ತರು! ಹುಡುಗನ ಪಾತ್ರದವನಿಗೆ ಮಾತ್ರ ನಟನೆ ಬರಲ್ಲ. ಊಟದ ಮನೆ ಕಡೆಗೇ ನೋಡ್ತಿದ್ದ."

ಹತ್ತು ವರ್ಷಗಳಲ್ಲಿ ನನ್ನ ತಲೆಯ ಮೇಲೂ ಜಾಗ ಖಾಲಿಯಾಗಿದ್ದರಿಂದ ಅಜ್ಜಿಗೆ ನನ್ನ ಗುರುತು ಸಿಕ್ಕಿರಲಿಲ್ಲ. ಆ ಕ್ಷಣ ನಾನು ಅದಕ್ಕಾಗಿ ದೇವರಿಗೆ ಕೈಮುಗಿದೆ.

ತಾಯಿಯ ಸೀರಿಯಲ್ಲೆಂದು ಅದನ್ನು ತೆರೆದೂ ನೋಡಿರದ ಡಾಕ್ಟರು ಲ್ಯಾವಿಂಗ್ಟನ್ನಿಗೆ ಕಾರು ಓಡಿಸಿ ಪೆನ್‌ಡ್ರೈವ್ ತಂದರು. ಎಲ್ಲರೂ ಮದುವೆ ನೋಡಿದರು. ಅತ್ತೆಯವರು ಅಳುವಾಗ ಅಜ್ಜಿ ನಾಲ್ಕನೇ ಸಲ ಅತ್ತರು. ವಿಡಿಯೊ ಮುಗಿದಾಗ ಕಣ್ಣೊರೆಸಿಕೊಂಡು ಹೆಂಡತಿಯ ಕೈ ಹಿಡಿದು ಕೇಳಿದರು:

"ಮುಂದಿನ ಕಂತು ನಮಗೆ ಬರಲೇ ಇಲ್ಲ ಕಣಮ್ಮಾ. ಆಮೇಲೆ ಏನಾಯ್ತು? ಆ ಹುಡುಗಿ ಸುಖವಾಗಿದ್ದಾಳಾ?"

ಹೆಂಡತಿ ನನ್ನನ್ನು ಒಮ್ಮೆ ನೋಡಿದಳು.

"ಹುಡುಗಿ ಚೆನ್ನಾಗಿದ್ದಾಳೆ, ಅಜ್ಜಿ. ಹುಡುಗನ ಪಾತ್ರ ಇವತ್ತು ಮಧ್ಯಾಹ್ನ ಮುಗಿಯೋದಿತ್ತು. ನೀವು ಉಳಿಸಿಬಿಟ್ರಿ."