ಅಪ್ಪನ ಹೆಬ್ಬೆರಳು

ಗಾಯಕ್ಕೆ ಸುತ್ತುವ ಆ ಬಲೆಯಂಥ ಬಟ್ಟೆಗೆ ಆಸ್ಪತ್ರೆಯಲ್ಲಿ ಒಂದು ಹೆಸರಿತ್ತು. ಗಾ... ಗಾಸೋ, ಗಾಜೋ. ನಾಲಿಗೆಯ ತುದಿಯಲ್ಲಿದೆ ಮಗು, ಬರುತ್ತಿಲ್ಲ. ತಮಿಳು ಸೀಮೆಯ ಸೋಮನೂರು ಬಿಟ್ಟು ಈ ಧಾರವಾಡಕ್ಕೆ ಬಂದು ಐವತ್ತು ವರ್ಷವಾಯಿತು. ಆದರೆ ನೇಯುವವರು ಆಸ್ಪತ್ರೆಗೆ ಹೋದರೆ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ ಎನ್ನುವುದನ್ನು ಮಾತ್ರ ಮರೆತಿಲ್ಲ.

ನನಗಾಗ ಹತ್ತು ವರ್ಷ. ಮಗ್ಗದ ಬಿದಿರಿನ ಸಿಬಿರು ಚುಚ್ಚಿ ಅಪ್ಪನ ಬಲಗೈ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು. ಹರಿದ ಎಳೆಗೆ ಗಂಟು ಹಾಕುವ ಬೆರಳು. ಅದು ಹೋದರೆ ನಮ್ಮ ಮಗ್ಗವೂ ನಿಂತಂತೆ. ಗಾಡಿ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋದೆವು.

ದುಪ್ಪಟಿ

ಆ ಆಸ್ಪತ್ರೆ ಶುರುವಾದದ್ದು ಎರಡು ಹೆಂಚಿನ ಕೋಣೆಗಳಲ್ಲಿ. ಸುತ್ತಲ ಊರಿನವರೇ ಕೂಡಿ ಕಟ್ಟಿಸಿದ್ದು. ನೇಯುವ ಮನೆಗಳವರು ಮಂಚಗಳಿಗೆ ಒಂದೊಂದು ದುಪ್ಪಟಿ ಕೊಟ್ಟಿದ್ದರು, ನಾವೂ ಕೊಟ್ಟಿದ್ದೆವು.

ಅಪ್ಪ ಮಲಗಲೊಲ್ಲ. ಜ್ವರದಲ್ಲೇ ಮಂಚದಿಂದ ಮಂಚಕ್ಕೆ ಹೋಗಿ ದುಪ್ಪಟಿಯ ಅಂಚು ಮಗುಚಿ ನೋಡತೊಡಗಿದ.

"ಏನು ಹುಡುಕ್ತಿದ್ದೀರಿ?" ಎಂದು ನರ್ಸಮ್ಮ ತಮಿಳಿನಲ್ಲಿ ಗದರಿದಳು.

"ನಮ್ಮನೆ ದುಪ್ಪಟಿ. ಎದುರುಮನೆಯವನು ನೇಯ್ದಿದ್ದರ ಮೇಲೆ ನಾನು ಮಲಗೋದಿಲ್ಲ."

ಬೇರೆ ದಾರಿ ಕಾಣದೆ ಅವಳು ಇನ್ನೊಬ್ಬ ರೋಗಿಯನ್ನು ಎಬ್ಬಿಸಿ, ಅವನಡಿಯಲ್ಲಿದ್ದ ನಮ್ಮ ದುಪ್ಪಟಿಯನ್ನೇ ತಂದು ಹಾಸಿದಳು. ಮಲಗಿದ ಮೇಲೆ ಅಪ್ಪ ಅಮ್ಮನ ಕಿವಿಯಲ್ಲಿ ನಮ್ಮ ಮನೆಮಾತು ಕನ್ನಡದಲ್ಲಿ ಅಂದ: "ಬೆನ್ನಿಗೆ ಚುಚ್ಚುತ್ತೆ ಕಣೇ. ಯಾರಿಗೂ ಹೇಳಬೇಡ."

ಕಟ್ಟು

ಡಾಕ್ಟರಮ್ಮ ಬೆರಳು ಕೊಯ್ದು, ಕೀವು ತೆಗೆದು, ಆ ಬಲೆ ಬಟ್ಟೆ ಸುತ್ತಿದರು. ಅವರು ಆಚೆ ಹೋಗಿದ್ದೇ ತಡ, ಅಪ್ಪ ಅದನ್ನು ಬೆಳಕಿಗೆ ಹಿಡಿದ.

"ನೋಡೇ, ಎಳೆಗೂ ಎಳೆಗೂ ನಡುವೆ ಇರುವೆ ಓಡಾಡಬಹುದು. ಇಂಥದ್ದನ್ನ ನೇಯ್ದಿದ್ದರೆ ನಮ್ಮಪ್ಪ ನನ್ನನ್ನ ಮನೆಯಿಂದಲೇ ಓಡಿಸ್ತಿದ್ದ."

ಅಮ್ಮ ನಮ್ಮ ಮಗ್ಗದ ದಟ್ಟ ಬಟ್ಟೆ ತಂದು, ಕಟ್ಟಿನ ಮೇಲೆ ಬಿಗಿಯಾಗಿ ಸುತ್ತಿದಳು. ಬೆಳಗಾಗುವಷ್ಟರಲ್ಲಿ ಮಣಿಕಟ್ಟಿನವರೆಗೂ ಬಾವು. ಡಾಕ್ಟರಮ್ಮ ಅದನ್ನು ಕಿತ್ತು ಎಸೆದರು.

"ಯಾರು ಕಟ್ಟಿದ್ದು ಇದನ್ನ?"

ಅಮ್ಮ ನನ್ನ ಬೆನ್ನ ಹಿಂದೆ ಸರಿದಳು. ಅಪ್ಪ ಮೆಲ್ಲಗೆ, "ನಮ್ಮ ಮಗ್ಗದ ಬಟ್ಟೆ ಅಮ್ಮಾ. ನೀರು ಕಟ್ಟಿದರೂ ಸೋರೋದಿಲ್ಲ" ಎಂದ.

"ಗೊತ್ತಾಯ್ತು. ಕೀವೂ ಸೋರಲಿಲ್ಲ!"

ಸೂಜಿ

"ಮೂರು ದಿನ ನೋಡ್ತೀನಿ. ಬೆರಳಿಗೆ ಸ್ಪರ್ಶ ಬರದಿದ್ದರೆ ತೆಗೀಲೇಬೇಕು" ಎಂದರು ಡಾಕ್ಟರಮ್ಮ.

ದಿನಾ ಸೂಜಿ ತಂದು ಚುಚ್ಚುತ್ತಿದ್ದರು. "ನೋಯುತ್ತಾ?" "ಇಲ್ಲಮ್ಮಾ." ಎರಡನೆಯ ದಿನವೂ ಇಲ್ಲ. ಅಪ್ಪ ಊಟ ಬಿಟ್ಟ, ಮಾತೂ ಬಿಟ್ಟ.

ಮೂರನೆಯ ಬೆಳಿಗ್ಗೆ ಕತ್ತರಿಸುವ ಸಾಮಾನಿನ ತಟ್ಟೆಯೂ ಪಕ್ಕಕ್ಕೆ ಬಂತು. ಅಮ್ಮ ಸೆರಗು ಕಚ್ಚಿ ನಿಂತಳು. ನಾನು ಕಣ್ಣು ಮುಚ್ಚಿಕೊಂಡೆ. ಖಾದಿ ಬಿಟ್ಟು ಬೇರೇನೂ ಉಡದ ಡಾಕ್ಟರಮ್ಮ ಸೂಜಿ ಹಿಡಿದು ಬಗ್ಗಿದಾಗ, ಅವರ ಸೆರಗು ಅಪ್ಪನ ಕೈಮೇಲೆ ಬಿತ್ತಂತೆ.

ಆಗ ಅಪ್ಪನ ದನಿ ಕೇಳಿ ಕಣ್ಣು ಬಿಟ್ಟೆ. ಸೆರಗಿನ ತುದಿ ಅವನ ಹೆಬ್ಬೆರಳು, ತೋರುಬೆರಳುಗಳ ನಡುವೆ ಇತ್ತು. ಉಜ್ಜಿ ಉಜ್ಜಿ ನೋಡುತ್ತಿದ್ದ.

"ಅಮ್ಮಾ, ಇದನ್ನ ಕೈನೂಲು ಅಂತ ಹೇಳಿ ಕೊಟ್ಟರಾ? ಅಡ್ಡ ಹಾಯೋ ಹೊಕ್ಕಿಗೆ ಮಿಲ್ ನೂಲು ಹಾಕಿದ್ದಾರೆ. ಮೋಸ ಹೋಗಿದ್ದೀರಿ."

ಡಾಕ್ಟರಮ್ಮ ಸೂಜಿಯನ್ನು ತಟ್ಟೆಗೆ ಹಾಕಿದರು. ಆಮೇಲೆ ಅಮ್ಮನ ಕಡೆ ತಿರುಗಿ "ಬೆರಳು ಉಳೀತು" ಎಂದರು. ತಮ್ಮ ಸೆರಗನ್ನು ತಾವೂ ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾ ಹೊರಟುಹೋದರು.

ನಗುವುದು ಆಮೇಲೆ, ಮಗು. ಮೊದಲು ಇದನ್ನೆಲ್ಲ ಬರೆದುಕೋ. ಆ ಬಟ್ಟೆಯ ಹೆಸರಿಗೆ ಸ್ವಲ್ಪ ಜಾಗ ಬಿಡು.