ರಾಜೇಸಾಹೇಬರಿಗೆ ನಾನು ಕಟ್ಟಿದ ವಿಮಾನ

ಮದುವೆ ಮಂಟಪವಿರಲಿ, ಗಣಪತಿ ಕೂರಿಸುವ ಮಖರವಿರಲಿ, ಒಂದು ದಿನ ಮೆರೆದು ಮರುದಿನ ಕಸವಾಗುವ ಸಿಂಗಾರ ಕಟ್ಟುವುದರಲ್ಲಿ ಇಡೀ ನಾಸಿಕದಲ್ಲಿ ನನ್ನ ಸಮ ಯಾರೂ ಇಲ್ಲವೆಂದು ನಂಬಿದ್ದೆ.

ಹೋದ ವರ್ಷ ಸಂಭಾಜಿನಗರದಿಂದ ಫೋನ್ ಬಂತು. ಅಲ್ಲಿನ ಹಳೆಯ ಸಣ್ಣ ಸಂಸ್ಥಾನದ ರಾಜೇಸಾಹೇಬರು ತೀರಿಕೊಂಡಿದ್ದರು. ಅವರ ಮಗಳ ಮದುವೆಗೆ ಹೂವಿನ ಕಮಾನು ಕಟ್ಟಿದವನು ನಾನೇ. "ಕಾಕಾ, ಅವರ ಕೊನೆಯ ಮೆರವಣಿಗೆ ಹಿಂದಿನ ರಾಜರಿಗೆ ಆದಂತೆ ಆಗಬೇಕು. ಬೆಳಿಗ್ಗೆ ಸಿಂಗರಿಸಿ ತನ್ನಿ," ಎಂದು ರಾಣಿಸಾಹೇಬರು ಮರಾಠಿಯಲ್ಲಿ ಹೇಳಿ ಅತ್ತರು. ನಾನೂ ಅತ್ತೆ. ಏನು ತರಬೇಕೆಂದು ಮಾತ್ರ ಕೇಳಲಿಲ್ಲ!

ನಮ್ಮ ಬೀದರ ಕಡೆ ಸತ್ತವರನ್ನು ಒಯ್ಯುವ ವಿಮಾನವನ್ನೇ ಕಟ್ಟತೊಡಗಿದೆ. ನಡುವೆ ಪೀಠ, ಬೆನ್ನಿಗೆ ಹಲಗೆ, ಮೇಲೆ ಬಣ್ಣದ ಕಾಗದದ ಗೋಪುರ, ಸುತ್ತ ಚೆಂಡುಹೂವು.

ಚಹಾ ತಂದ ಹೆಂಡತಿ ನಿಂತೇಬಿಟ್ಟಳು. "ಅಲ್ರೀ, ಅವರು ಮರಾಠಾ ಮಂದಿ. ಅವರಾಗ ಹ್ಯಾಂಗ ಒಯ್ತಾರಂತ ಕೇಳೀರೇನು?"

"ರಾಜಾ ಅಂದಮ್ಯಾಲ ಕುಂತೇ ಹೋಗ್ಬೇಕು. ನಿನಗೇನ್ ತಿಳೀತದ?"

"ನನಗ ತಿಳ್ಯೂದಿಲ್ರಿ. ನಿಮಗೂ ತಿಳ್ದಿಲ್ಲ. ಒಂದ್ ಫೋನ್ ಹಚ್ರಿ!"

ಹಚ್ಚಲಿಲ್ಲ. ಶೋಕದಲ್ಲಿರುವ ಮನೆಗೆ ತೊಂದರೆ ಕೊಡಬಾರದೆಂಬ ನನ್ನ ಉನ್ನತ ಸಂಸ್ಕಾರ ಅಡ್ಡ ಬಂತು!

ಮರುದಿನ ಟೆಂಪೋದಲ್ಲಿ ವಿಮಾನ ವಾಡೆಯ ಬಾಗಿಲಿಗೆ ಬಂತು. ಗೋಪುರ ಒಳಗೆ ಹಿಡಿಸಲಿಲ್ಲ. ಗೋಪುರ ಕೊಯ್ದೆ. ಅಂಗಳದಲ್ಲಿ ಇಳಿಸಿದಾಗ ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು. ಮೆಚ್ಚುಗೆ ಎಂದುಕೊಂಡೆ.

ರಾಜೇಸಾಹೇಬರ ತಮ್ಮ ಹತ್ತಿರ ಬಂದರು. "ಅಹೋ ಕಾಕಾ, ದಾದಾನನ್ನು ಇದರಲ್ಲಿ ಎಲ್ಲಿ ಮಲಗಿಸೋಣ?"

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ ಒಯ್ಯುತ್ತಾರೆ, ಅವರಲ್ಲಿ ಮಲಗಿಸಿ. ಅರ್ಧ ಆಯುಷ್ಯ ನಾಸಿಕದಲ್ಲೇ ಕಳೆದವನಿಗೆ ಇದು ಆಗ ಹೊಳೆಯಿತು!

"ಹಲಗೆ ತೆಗೆದರೆ ಆಯಿತು, ಸಾಹೇಬ," ಎಂದು ಗರಗಸ ಹಿಡಿದೆ. ಇಡೀ ವಿಮಾನ ನಿಂತದ್ದೇ ಆ ಹಲಗೆಯ ಮೇಲೆ. ಬಿದಿರು, ಕಾಗದ, ಹೂವು ಎಲ್ಲವೂ ನನ್ನ ತಲೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನೆರೆಯವರು ಬರಿಯ ಬಿದಿರಿನ ಚಟ್ಟ ಕಟ್ಟಿದರು. ರಾಜರು ಎಲ್ಲರ ಹಾಗೆ ಹೋದರು. ನಾನು ರಾಣಿಸಾಹೇಬರ ಕಾಲಿಗೆ ಬಿದ್ದೆ.

"ಏಳಿ ಕಾಕಾ," ಎಂದರು. "ಉಬ್ಬಸದಿಂದ ಅವರಿಗೆ ಮಲಗಲಿಕ್ಕೇ ಆಗುತ್ತಿರಲಿಲ್ಲ. ಕೂತೇ ನಿದ್ದೆ ಮಾಡುತ್ತಿದ್ದರು. ಇವತ್ತು ಕಾಲು ಚಾಚಿ ಮಲಗಿದರಲ್ಲ, ಸಾಕು."

ಅಂಥವರನ್ನು ಮತ್ತೆ ಕೂರಿಸಲು ಹೊರಟಿದ್ದೆ ನಾನು!

ಮುರಿದದ್ದನ್ನೆಲ್ಲ ಟೆಂಪೋಗೆ ತುಂಬಿ ಮರಳುವಾಗ, ಚಾಲಕನಿಗೆ ಮುಖ ತೋರಿಸಲಾರದೆ ಹಿಂಬದಿಯಲ್ಲಿ, ಹೂವಿನ ರಾಶಿಯ ನಡುವೆ, ಅದೇ ಪೀಠದ ಮೇಲೆ ಕಣ್ಣು ಮುಚ್ಚಿ ಕೂತೆ. ನಿಫಾಡ್ ಹತ್ತಿರ ಟೆಂಪೋ ನಿಂತಾಗ ನಮ್ಮ ಕಡೆಯಿಂದ ದ್ರಾಕ್ಷಿ ತೋಟಕ್ಕೆ ಕೂಲಿಗೆ ಬಂದ ಹೆಂಗಸರ ದನಿ ಕೇಳಿಸಿತು. "ನಮ್ಮ ಕಡೀ ವಿಮಾನ ನೋಡವ್ವಾ! ಪಾಪ, ಯಾವ ಮುತ್ಯಾನೋ. ಮಾರಿ ಮ್ಯಾಲ ಎಷ್ಟ್ ಕಳಾ ಅದ!" ಕೈಮುಗಿದು ಅಳಹತ್ತಿದರು.

ನನಗೆ ಕೆಮ್ಮು ಬಂತು. ಕಿರುಚಿ ಓಡಿದರು.

ಹೆಣವಾಗಿಯೂ ನನಗೆ ಸರಿಯಾಗಿ ಕೂರಲು ಬರಲಿಲ್ಲ.