ಅಮೀರಸಾಬರ ಗಾದಿ ಅಂಗಡಿ ಎದುರು

ಕೌಲ್ ಬಜಾರಿನಲ್ಲಿ ಮನೆಗೆ ನಂಬರಿರುವುದು ಕರೆಂಟು ಬಿಲ್ಲಿನವರಿಗಾಗಿ ಮಾತ್ರ. ಉಳಿದವರೆಲ್ಲ ಗುರುತಿನ ಮೇಲೆ ಬದುಕುತ್ತಾರೆ. ಪ್ರೌಢಶಾಲೆಯ ಗುಮಾಸ್ತ ವೆಂಕಟೇಶನ ಗುರುತು ‘ಅಮೀರಸಾಬರ ಗಾದಿ ಅಂಗಡಿ ಎದುರು’ ಎಂಬುದು. ಆನ್‌ಲೈನಿನಲ್ಲಿ ಕೊಂಡ ಪಂಚಾಂಗ, ಮಿಕ್ಸರಿನ ಜಾರು, ಹೆಂಡತಿಯ ಚಪ್ಪಲಿ, ಎಲ್ಲವೂ ಆರು ವರ್ಷಗಳಿಂದ ಈ ಗುರುತಿನ ಕೈ ಹಿಡಿದೇ ಅವನ ಮನೆ ಸೇರಿದ್ದವು. ಮೊಬೈಲು ಆ ವಿಳಾಸವನ್ನು ಸಂಧ್ಯಾವಂದನೆಯ ಮಂತ್ರದಂತೆ ಕಂಠಪಾಠ ಮಾಡಿಕೊಂಡಿತ್ತು. ಆದ್ದರಿಂದ ಅವನು ಯಾರಿಗೂ ತಿಳಿಯದಂತೆ ಒಂದು ಸ್ಪ್ರಿಂಗಿನ ಗಾದಿ ತರಿಸಲು ಹೊರಟಾಗಲೂ, ಕೆಳಗಿನ ಸಾಲಿನಲ್ಲಿ ತಾನಾಗಿಯೇ ‘ಅಮೀರಸಾಬರ ಗಾದಿ ಅಂಗಡಿ ಎದುರು’ ಎಂದು ಬರೆದುಕೊಂಡಿತು. ವೆಂಕಟೇಶ ಅದನ್ನು ಓದಲಿಲ್ಲ.

ಗಾದಿಯ ಆಯ್ಕೆಗೆ ಮೂರು ತಿಂಗಳು ಹಿಡಿದಿತ್ತು. ಅವನ ನಡುವಿಗೆ ಸ್ಪ್ರಿಂಗು ಬೇಕಿತ್ತು. ಹೆಂಡತಿ ಶ್ರೀವಲ್ಲಿಯ ಮೂಗಿಗೆ ರಾಸಾಯನಿಕ ಬೇಡವಾಗಿತ್ತು. ಹೊಸ ಕುರ್ಚಿಯ ಅಂಟಿನ ವಾಸನೆಗೇ ಹನ್ನೊಂದು ಸಲ ಸೀನುವ ಮೂಗು ಅದು. ಇಬ್ಬರೂ ಕೂಡಿ ನೂರಾರು ಜನರ ಅಭಿಪ್ರಾಯ ಓದಿ, ಅಂಟು ಹಾಕದ, ಹತ್ತು ವರ್ಷ ತಗ್ಗು ಬೀಳದ, ಸಾವಿರದ ಇನ್ನೂರು ಸ್ಪ್ರಿಂಗುಗಳನ್ನು ಒಂದೊಂದಾಗಿ ಬಟ್ಟೆಯ ಚೀಲದಲ್ಲಿ ಹೊಲಿದಿಟ್ಟ ಗಾದಿಯನ್ನು ಆರಿಸಿದ್ದರು.

“ಒಂದು ಸ್ಪ್ರಿಂಗು ಕುಣಿದ್ರ ಬಾಜೂದಕ್ಕ ಗೊತ್ತಾಗೂದಿಲ್ಲಂತ,” ಎಂದಿದ್ದ ವೆಂಕಟೇಶ.

“ಅಂಥಾ ಓಣಿ ಎಲ್ಲೆರ ಇದ್ರ ಹೇಳ್ರಿ, ಮನಿ ಬದಲಾಯ್ಸೋಣು,” ಎಂದಿದ್ದಳು ಶ್ರೀವಲ್ಲಿ.

ಕಳ್ಳತನಕ್ಕೆ ಕಾರಣವಿತ್ತು. ಎದುರಿನ ಅಮೀರಸಾಬರಿಗೆ ಎಪ್ಪತ್ತು ದಾಟಿದೆ. ಪ್ರತಿ ಬೇಸಿಗೆಯಲ್ಲೂ ವೆಂಕಟೇಶನ ಮನೆಯ ಗಾದಿ ಬಿಚ್ಚಿ, ಹಳೆಯ ಬಿಲ್ಲಿನಿಂದ ಹತ್ತಿ ಹಿಂಜಿ, ಮತ್ತೆ ತುಂಬಿ, ಶಹಾಬಾದು ಕಲ್ಲಿನಂತೆ ಗಟ್ಟಿಯಾಗಿ ಹೊಲಿದು ಕೊಡುತ್ತಾರೆ. ಓಣಿಯ ಉಳಿದ ಮನೆಗಳೆಲ್ಲ ಯಾವತ್ತೋ ಫೋಮಿಗೆ ಹೊರಳಿವೆ. ಕಳೆದ ಬೇಸಿಗೆಯಲ್ಲಿ ಅವರು ತಲೆ ತಗ್ಗಿಸಿ, “ನಿಮ್ಮದೊಂದ ಗಾದಿ ಉಳದೈತಿ ಆಚಾರ್ರ. ಅದು ನಿಂತ ದಿನ ನನ್ನ ಅಂಗಡಿ ಬಾಗಲಾ ಹಾಕಿದಂಗ,” ಎಂದಿದ್ದರು. ಅಂದಿನಿಂದ ವೆಂಕಟೇಶನಿಗೆ ಒಂದು ಇಡೀ ಕಸುಬಿನ ಪ್ರಾಣ ತನ್ನ ಬೆನ್ನಿನ ಕೆಳಗೆ ಮಿಡಿಯುತ್ತಿದೆ ಎನ್ನಿಸತೊಡಗಿತ್ತು. ಆ ಬಾಗಿಲು ತನ್ನಿಂದ ಮುಚ್ಚಬಾರದು. ಹೊಸ ಗಾದಿಯನ್ನು ಸದ್ದಿಲ್ಲದೆ ಒಳಗೆ ತಂದು, ಹಗಲು ಅದರ ಮೇಲೆ ಹಳೆಯದನ್ನೇ ಹೊದಿಸಿ, ಬೇಸಿಗೆ ಬಂದಾಗ ಎಂದಿನಂತೆ ಹಿಂಜಲು ಕೊಡುವುದೆಂದು ಗಂಡಹೆಂಡಿರು ನಿರ್ಧರಿಸಿದ್ದರು.

ಭಾನುವಾರ ಹತ್ತಕ್ಕೆ ಕಂಪನಿಯ ವ್ಯಾನು ಬಂತು. ಚಾಲಕ ಡಬ್ಬಿಯ ಮೇಲಿನ ಗಾದಿಯ ಚಿತ್ರ ನೋಡಿದ, ವಿಳಾಸದಲ್ಲಿ ಗಾದಿ ಅಂಗಡಿ ಎಂಬುದನ್ನು ಓದಿದ, ಎದುರಿಗೆ ಗಾದಿ ಅಂಗಡಿಯನ್ನೇ ಕಂಡ. ಲೋಕ ಇಷ್ಟು ಸುಸಂಗತವಾಗಿ ಸಿಗುವುದು ಅಪರೂಪ. ಇಳಿಸಿ ಹೋದ. ಮೊಬೈಲಿನಲ್ಲಿ ‘ತಲುಪಿಸಲಾಗಿದೆ’ ಎಂಬ ಸಂದೇಶ ಕಂಡ ವೆಂಕಟೇಶ ಕಿಟಕಿಯಿಂದ ಇಣುಕಿದರೆ, ಆಳೆತ್ತರದ ಡಬ್ಬಿ ಹೆಣ್ಣು ನೋಡಲು ಬಂದ ಬೀಗರಂತೆ ಅಮೀರಸಾಬರ ಕಟ್ಟೆಯ ಮೇಲೆ ಗಂಭೀರವಾಗಿ ನಿಂತಿತ್ತು. ಸಾಬರು ಕನ್ನಡಕ ಏರಿಸಿ, ಬೆರಳಿಟ್ಟು ಹೆಸರು ಓದುತ್ತಿದ್ದರು.

ಐದು ನಿಮಿಷಕ್ಕೆ ಹೂವಿನ ಪಕ್ಕೀರಮ್ಮ ಬುಟ್ಟಿ ಸಮೇತ ಬಾಗಿಲಿಗೆ ಬಂದಳು. ಅವಳಿಗೆ ಮಲ್ಲಿಗೆಯೊಂದು ನೆಪ, ಮಾರುವುದು ಸುದ್ದಿ.

“ಏನ್ ಮಾಡಿದ್ರಿ ಸ್ವಾಮಿ? ಸಾಬ್ರು ಬಿಲ್ಲು ಇಳಿಸಿ ಸೀರ್ಯಾಗ ಸುತ್ತಾಕತ್ತಾರ. ಬೋರ್ಡು ತೆಗದ್ರು. ಕಣ್ಣಾಗ ನೀರು ಬಂದಾವ, ನಾನ ನೋಡೀನಿ.”

ವೆಂಕಟೇಶ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದ. ಅವುಗಳಲ್ಲಿ ಒಂದು ಶ್ರೀವಲ್ಲಿಯದು.

“ಚಾಚಾ, ಆ ಗಾದಿ ನಂದಲ್ಲ.”

“ನಿಮ್ಮ ಹೆಸರೈತಲ್ರಿ ಆಚಾರ್ರ.”

“ಹೆಸರು ನಂದು, ನಡಾ ನಮ್ಮ ಪವಮಾನಂದು. ನನ್ನ ಹೆಂಡತಿ ತಮ್ಮ, ಕುರುಗೋಡಿನ್ಯಾಗ ಮಾಸ್ತರ ಇದ್ದಾನಲ್ಲ, ಅಂವಾ. ಕಂಪನಿ ಗಾಡಿ ಅಲ್ಲೀತನಕ ಹೋಗೂದಿಲ್ಲಂತ ನನ್ನ ವಿಳಾಸಾ ಕೊಟ್ಟಾನ.”

ಅಮೀರಸಾಬರ ಕೈಯಲ್ಲಿದ್ದ ಬೋರ್ಡು ಮೆಲ್ಲಗೆ ಕೆಳಗಿಳಿಯಿತು. “ಹಂಗಾರ ನೀವು ಇದರ ಮ್ಯಾಲೆ ಮಲಗಂಗಿಲ್ಲ?”

“ಇಲ್ಲ.”

“ಒಂದೆರಡು ದಿನಾ ಮಲಗಿ ನೋಡ್ರಿ. ಸ್ಪ್ರಿಂಗಿನ ಗಾದಿ ಭಾಳ ಚಲೋ ಇರ್ತಾವಂತ. ನಡಾ ನೋವು ಹೋಗ್ತೈತಂತ.”

ಇದು ತನ್ನ ನಿಷ್ಠೆಯ ಪರೀಕ್ಷೆ ಎಂದುಕೊಂಡ ವೆಂಕಟೇಶ ಎದೆಯ ಮೇಲೆ ಕೈಯಿಟ್ಟ. “ನಿಮ್ಮ ಹತ್ತಿ ಬಿಟ್ಟು ನನಗ ನಿದ್ದಿ ಬರೂದಿಲ್ಲ ಚಾಚಾ. ಇರೂತನಕ ಅದರ ಮ್ಯಾಲೇ.”

“ಇರೂತನಕ?” ಎಂದು ಸಾಬರು ಕ್ಷೀಣವಾಗಿ ಕೇಳಿದರು.

“ಇರೂತನಕ.”

“ಹಂಗಾದ್ರ ಕುರುಗೋಡಿಗೆ ಕಳಿಸಿಬಿಡ್ರಿ, ಇಲ್ಲ್ಯಾಕ ಇಡ್ತೀರಿ,” ಎಂದಳು ಹಿಂದೆಯೇ ಬಂದಿದ್ದ ಪಕ್ಕೀರಮ್ಮ. “ನಮ್ಮ ಮಾರೇಶನ ಗಾಡಿ ಖಾಲಿ ಹೊಂಟೈತಿ. ಲೇ ಮಾರ್ಯಾ, ಬಾರಲೇ ಇಲ್ಲಿ.”

ಬೇಡವೆಂದರೆ ಸುಳ್ಳು ಬಯಲಾಗುತ್ತಿತ್ತು. ಮೂರು ತಿಂಗಳ ಕನಸು ಮಾರೇಶನ ಗೂಡ್ಸ್ ಆಟೋದಲ್ಲಿ ಅಡ್ಡ ಮಲಗಿ, ತಿರುವಿನಲ್ಲಿ ಒಮ್ಮೆ ತಲೆಯಾಡಿಸಿ, ಮರೆಯಾಯಿತು. ಅಮೀರಸಾಬರು ನಿಟ್ಟುಸಿರಿಟ್ಟು ಸೀರೆ ಬಿಚ್ಚಿ, ಬಿಲ್ಲನ್ನು ಮತ್ತೆ ಮೊಳೆಗೆ ತೂಗುಹಾಕಿದರು. ನಿಟ್ಟುಸಿರು ನೆಮ್ಮದಿಯದೆಂದು ಭಾವಿಸಿದ ವೆಂಕಟೇಶ ಕೃತಾರ್ಥನಾಗಿ ಮನೆಗೆ ಮರಳಿದ.

“ಮೂಗು ನಂದು, ಗಾದಿ ಅವಂಗ?” ಎಂದಳು ಶ್ರೀವಲ್ಲಿ. “ಮೊದಲು ಅವಂಗ ಫೋನ್ ಮಾಡಿ ಬಿಚ್ಚಬ್ಯಾಡಂತ ಹೇಳ್ರಿ. ಮುಂದಿನ ವಾರ ಹೆಂಗರ ಮಾಡಿ ತರೋಣು.”

ಪವಮಾನ ಫೋನು ಎತ್ತಲಿಲ್ಲ. ಎರಡು ತಾಸು ಯತ್ನಿಸಿದ ಮೇಲೆ ಅವನೇ ಮಾಡಿದ. ದನಿ ಪಿಸುಮಾತಿನದು.

“ಭಾವಾ, ನಿಮ್ಮ ಉಪಕಾರ ಹೆಂಗ ತೀರಿಸ್ಲಿ? ಪ್ಲಾಸ್ಟಿಕ್ ಕೊಯ್ದೆ ನೋಡ್ರಿ, ಒತ್ತಿ ಸುತ್ತಿದ್ದ ಗಾದಿ ಉಸಿರು ತಗೊಂಡು ಎದ್ದು ಕೂತ್ಹಂಗಾತು. ಮಂಚದ ತುಂಬ ಆಗ್ಯದ. ಇನ್ನ ಆನಿ ತುಳಿದ್ರೂ ವಾಪಸ್ ಡಬ್ಬ್ಯಾಗ ಹೋಗೂದಿಲ್ಲ.”

“ಯಾಕ ಇಷ್ಟು ಮೆಲ್ಲಕ ಮಾತಾಡ್ತಿ?”

“ಅಮ್ಮ ಅದರ ಮ್ಯಾಲೆ ಮಲಗ್ಯಾಳ. ಎಂಟು ವರ್ಷದಿಂದ ಹಗಲಿನ್ಯಾಗ ಕಣ್ಣು ಮುಚ್ಚಿದಾಕಿ ಅಲ್ಲ. ಮಲಗೂಮುಂದ ‘ಅಳಿಯ ಅಂದ್ರ ಹಿಂಗಿರಬೇಕು’ ಅಂದ್ಲು. ಏನರ ಮಾತಾಡೂದದ ಏನು? ಎಬ್ಬಿಸ್ಲೇನು?”

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆ ವೆಂಕೂಬಾಯಿ ಅವನನ್ನು ಹೊಗಳಿದ್ದು ಇದೇ ಮೊದಲು. “ಬ್ಯಾಡ,” ಎಂದ ವೆಂಕಟೇಶ.

ಸಂಜೆ ಬಾಗಿಲು ತಟ್ಟಿದವರು ಅಮೀರಸಾಬರ ಹೆಂಡತಿ ರಹೀಮಾಬೀ. ಒಳಗೆ ಬರಲೂ ಒಪ್ಪದೆ ಹೊಸ್ತಿಲಾಚೆಯೇ ನಿಂತರು.

“ನಿಮ್ಮ ಕಾಲಿಗೆ ಬೀಳ್ತೀನಿ ಆಚಾರ್ರ, ಒಂದು ಕಂಪನಿ ಗಾದಿ ತಗೊಳ್ರಿ.”

“ಚಾಚಿ?”

“ಸಿರುಗುಪ್ಪದಾಗ ಮಗ ಗೌಸ್ ನಮಗಂತ ಒಂದು ಖೋಲಿ ಕಟ್ಟಿಸಿ ಹತ್ತು ವರ್ಷ ಆತು. ಮೊಮ್ಮಗಳು ಜಾಸ್ಮಿನ್ ಬಾ ಬಾ ಅಂತಾಳ. ಇವರ ಭುಜಾ ಮ್ಯಾಲೇಳಂಗಿಲ್ಲ. ಆದ್ರೂ ‘ಆಚಾರ್ರು ನನ್ನ ಹತ್ತಿ ನಂಬ್ಯಾರ, ಅವ್ರು ಬ್ಯಾರೆ ಗಾದಿ ತಂದ ದಿನ ನನಗ ಬಿಡುಗಡಿ’ ಅಂತ ಕುಂತಾರ. ಮುಂಜಾನಿ ನಿಮ್ಮ ಡಬ್ಬಿ ನೋಡಿ ಖುಷಿಗೆ ಅತ್ತಬಿಟ್ರು. ಗೌಸ್‌ಗ ಗಾಡಿ ತರಾಕ ಹೇಳಿದ್ರು. ನಾ ಪಾಯಸಕ್ಕ ಹಾಲು ಇಟ್ಟಿದ್ದೆ. ನೀವು ಬಂದು ಇರೂತನಕ ಅಂದ್ರಿ.”

ವೆಂಕಟೇಶನ ತಲೆಯೊಳಗೆ ಸಾವಿರದ ಇನ್ನೂರು ಸ್ಪ್ರಿಂಗುಗಳೂ ಒಟ್ಟಿಗೆ ಎದ್ದವು. ಮುಂಜಾನೆಯ ಸುಳ್ಳನ್ನು ಅಳಿಸಿಹಾಕಲು ಇನ್ನೂ ಹೊತ್ತಿತ್ತು. ಸೀದಾ ಓಣಿ ದಾಟಿ, ಅಮೀರಸಾಬರ ಮುಂದೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ ಒಬ್ಬ ಹಿರಿಯನಿಗೆ ಕಠೋರವಾದ ಸತ್ಯ ಹೇಳಿದ.

“ಚಾಚಾ, ಮುಂಜಾನಿ ನಾ ಹೇಳಿದ್ದೆಲ್ಲ ಸುಳ್ಳು. ಆ ಗಾದಿ ನಾನೇ ನನಗಂತ ತರಿಸಿದ್ದು. ನಿಮ್ಮ ಗಾದಿ ಮ್ಯಾಲೆ ಮಲಗಿ ಮಲಗಿ ನನ್ನ ನಡಾ ಹೋಗ್ಯದ. ನನಗ ನಿಮ್ಮ ಹತ್ತಿ ಬ್ಯಾಡ. ನೀವು ಸಿರುಗುಪ್ಪಕ್ಕ ಹೋಗ್ರಿ.”

ಅಮೀರಸಾಬರು ಅವನನ್ನು ನೋಡಿದರು. ಅವನ ಬೆನ್ನ ಹಿಂದೆ ಸೆರಗು ಬಿಗಿಹಿಡಿದು ನಿಂತ ರಹೀಮಾಬೀಯನ್ನು ನೋಡಿದರು. ಅವರ ಮುಖದಲ್ಲಿ ಎಲ್ಲವೂ ಅರ್ಥವಾದ ಬೆಳಕು ಮೂಡಿತು.

“ಇಕಿ ನಿಮ್ಮನಿಗೆ ಬಂದಿದ್ಲು, ಹೌದಿಲ್ರಿ?”

“ಬಂದಿದ್ರು. ಆದ್ರ ನಾ ಹೇಳಿದ್ದು ಖರೇನ ಚಾಚಾ.”

“ಸಾಕು ಬಿಡ್ರಿ.” ಸಾಬರು ಅವನ ಎರಡೂ ಕೈ ಹಿಡಿದುಕೊಂಡರು; ಕಣ್ಣುಗಳು ಮತ್ತೊಮ್ಮೆ ತುಂಬಿದ್ದವು. “ಈ ಮುದುಕ ಮೊಮ್ಮಗಳ ಹಂತ್ಯಾಕ ಹೋಗ್ಲಿ ಅಂತ ಸುಳ್ಳ ಹೇಳಿ ನಿಮ್ಮ ನಡಾನ ಮುರಕೊಂಡ್ರಿ. ಗಾದಿ ನಿಮ್ದಾಗಿದ್ರ ಕುರುಗೋಡಿಗೆ ಯಾರು ಕಳಿಸ್ತಾರ್ರಿ? ನನಗ ಅಷ್ಟೂ ತಿಳಿಯಂಗಿಲ್ಲೇನು? ಇಂಥಾ ಮನಶ್ಯಾನ್ನ ಬಿಟ್ಟು ಹೋದ್ರ ಅಲ್ಲಾ ಮೆಚ್ಚಂಗಿಲ್ಲ.”

ಹಾಗೆಂದು ಅಲ್ಲಿಯೇ ಮಗನಿಗೆ ಫೋನು ಹಚ್ಚಿ, ಗಾಡಿ ಇನ್ನು ಯಾವತ್ತೂ ಬೇಡವೆಂದೂ, ಖೋಲಿಯನ್ನು ಬಾಡಿಗೆಗೆ ಕೊಡಬೇಕೆಂದೂ ಹೇಳಿದರು. ರಹೀಮಾಬೀ ವೆಂಕಟೇಶನತ್ತ ನೋಡಿದ ನೋಟಕ್ಕೆ, ಅವನು ಹತ್ತಿಯಾಗಿದ್ದರೆ ಕಿಡಿ ಹತ್ತುತ್ತಿತ್ತು.

“ಸುಳ್ಳಿನಾಗೂ ಒಂದೀಟು ಖರೆ ಇರ್ತೈತಿ,” ಎನ್ನುತ್ತ ಸಾಬರು ಮೊಳೆಯಿಂದ ಬಿಲ್ಲು ತೆಗೆದರು. “ನಿಮ್ಮ ಗಾದಿ ಮೆತ್ತಗಾಗಿರಬೇಕು. ಬೇಸಿಗಿತನಕ ಯಾಕ ಕಾಯೋದು, ಈಗ ತಂದು ಕೊಡ್ರಿ. ಇನ್ನ ಐದು ಕಿಲೋ ಹತ್ತಿ ಒತ್ತಿ ತುಂಬಿ, ಕಬ್ಬಿಣಾ ಮಾಡಿ ಕೊಡ್ತೀನಿ. ಈ ಭುಜದಾಗ ಒಂದು ತಿಂಗಳಾದ್ರೂ ಹಿಡೀತೈತಿ. ಅಲ್ಲೀತನಕ ನೀವಿಬ್ರೂ ಚಾಪಿ ಮ್ಯಾಲೆ ಮಲಕ್ಕೋರಿ.”